ಹ್ಯಾಂಬರ್ಗಿಗೆ ಹೊರಟ ದೇವಿಬಾಯಿ

ದೇವಿಬಾಯಿ ಸುಳ್ಳುಗಾರ್ತಿ. ಅಗತ್ಯ ಬಿದ್ದಾಗ ಸುಳ್ಳು ಹೇಳುವವರು ಬೇರೆ. ಆ ಗುಂಪಿನಲ್ಲಿ ನಾವೆಲ್ಲರೂ ಸೇರುತ್ತೇವೆ. ಇವಳು ಅಗತ್ಯವಿಲ್ಲದಾಗಲೂ ಹೇಳುತ್ತಿದ್ದಳು, ರೂಢಿ ತಪ್ಪಬಾರದೆಂಬಂತೆ. ಗೋವಾದ ಬೊಗ್ಮಾಳೊ ಕಡಲ ದಂಡೆಯಲ್ಲಿ ಲಂಬಾಣಿ ಕಸೂತಿಯ ಚೀಲ, ಹಾಸು, ಗೋಡೆಬಟ್ಟೆ ಮಾರುವುದು ಅವಳ ಕಸುಬು. ಹೋದ ವಾರ ಹೊಲಿದದ್ದನ್ನು ಅಜ್ಜಿಯ ಮದುವೆಯದೆಂದು ಮಾರುತ್ತಿದ್ದಳು. ಗಿರಾಕಿ ಮೆತ್ತನೆಯವಳೆಂದು ಕಂಡರೆ ಗಂಡ ತೀರಿಹೋದನೆಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಗಂಡ, ದೇವಲಪ್ಪ, ಹತ್ತು ಮಾರು ದೂರದಲ್ಲಿ ತೆಂಗಿನ ಮರಕ್ಕೆ ಒರಗಿ ಬೀಡಿ ಸೇದುತ್ತಿರುತ್ತಿದ್ದ. ಬೆಳಿಗ್ಗೆ ದಂಡೆಗೆ ಹೊರಡುವಾಗ ಅವನು ಕೇಳುವುದನ್ನು ನಾನೇ ಕೇಳಿದ್ದೇನೆ: "ಇವತ್ತ ನಾ ಸತ್ತೀನೋ, ಇದ್ದೀನೋ? ಮೊದಲ ಹೇಳಿಬಿಡು. ಚಾ ಕುಡ್ಯಾಕ ನಿನ್ನ ಕಡಿ ಬರಬೇಕೋ ಬ್ಯಾಡೋ ಗೊತ್ತಾಗ್ತೈತಿ."

2004ರಲ್ಲಿ ಸರಕಾರ ವಾಸ್ಕೋದ ಬಾಯ್ನಾ ದಂಡೆಯ ಅವರ ಮನೆಯನ್ನು ಕೆಡವಿದ ಮೇಲೆ ಅವರು ವಿಮಾನ ನಿಲ್ದಾಣದ ಪಕ್ಕದ ದಾಬೋಲಿಮ್‌ಗೆ, ನಮ್ಮ ಕಟ್ಟಡದ ಹಿಂದಿನ ಚಾಳಿಗೆ ಬಂದರು. ಒಂದೇ ಕೋಣೆ, ಗಂಡ, ಹೆಂಡತಿ, ದೇವಲಪ್ಪನ ಅಣ್ಣನ ವಿಧವೆ ಲಾಲಿಬಾಯಿ. ಲಾಲಿಬಾಯಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಹೊಸ್ತಿಲ ಪಕ್ಕ ಕಾಲು ಚಾಚಿ ಕೂತು ದಿನವಿಡೀ ಸೂಜಿ ಹಿಡಿದಿರುತ್ತಿದ್ದಳು. "ಆಕಿ ಅಂಚ ಕಟ್ಟತಾಳ್ರಿ, ಕನ್ನಡಿ ಹಚ್ಚತಾಳ. ಖರೇ ಕಸೂತಿ ನಂದ," ಎಂದು ದೇವಿಬಾಯಿ ಹೇಳಿದ್ದಳು. ಅದನ್ನು ಪರೀಕ್ಷಿಸುವ ಗೋಜಿಗೆ ನಾನು ಹೋಗಲಿಲ್ಲ.

2007ರ ಮಾರ್ಚಿನಲ್ಲಿ ಅವಳಿಗೆ ಜರ್ಮನಿಯಿಂದೊಂದು ಕಾಗದ ಬಂತು. ಪ್ರತಿ ಚಳಿಗಾಲ ಗೋವಾಕ್ಕೆ ಬರುತ್ತಿದ್ದ ಹೆಲ್ಗಾ ಎಂಬ ಹೆಂಗಸು ಹ್ಯಾಂಬರ್ಗ್ ನಗರದಲ್ಲಿ ಕೈಕಸುಬಿನ ಪ್ರದರ್ಶನ ನಡೆಸುವವಳು. ದೇವಿಬಾಯಿಯಿಂದ ಮೂರು ವರ್ಷಗಳಲ್ಲಿ ಕೊಂಡ ಹನ್ನೊಂದು ಗೋಡೆಬಟ್ಟೆಗಳನ್ನು ಸೆಪ್ಟೆಂಬರಿನಲ್ಲಿ ಪ್ರದರ್ಶನಕ್ಕಿಡುವವಳಿದ್ದಳು. ಅವನ್ನು ಹೊಲಿದವಳು ಹನ್ನೆರಡು ದಿನ ಬಂದು ಜನರೆದುರು ಕೂತು ಹೊಲಿದು ತೋರಿಸಬೇಕು. ಟಿಕೆಟು, ವಸತಿಯ ಖರ್ಚು ಹೆಲ್ಗಾಳದೇ. ನಾನು ಜರ್ಮನಿಯಲ್ಲಿ ನಾಲ್ಕು ವರ್ಷ ಓದಿದವಳಾದ್ದರಿಂದ ಕಾಗದ ನನ್ನಲ್ಲಿಗೆ ಬಂತು, ಅದರ ಹಿಂದೆ ದೇವಿಬಾಯಿಯೂ.

ಅಂದಿನಿಂದ ಅವಳು ಒಂದು ಕಡೆ ನಿಂತವಳಲ್ಲ. ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬರುವಳು, ಒಂದು ಪ್ರಶ್ನೆ ಎಸೆಯುವಳು, ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಇಳಿದು ಹೋಗುವಳು. ವಿದೇಶಿ ಪ್ರವಾಸಿಗರನ್ನು ನೇರ ತಂದಿಳಿಸುವ ಚಾರ್ಟರ್ ವಿಮಾನ ಯಾವುದು, ಬರೀ ಮುಂಬಯಿಯದು ಯಾವುದು ಎಂದು ಸದ್ದಿನಿಂದಲೇ ಹೇಳಬಲ್ಲ ಹೆಂಗಸು. ಚಾರ್ಟರ್ ಇಳಿದರೆ ಮರುದಿನ ವ್ಯಾಪಾರವೆಂದು ಅವಳಿಗೆ ಗೊತ್ತು. ಒಳಗೆ ಕೂರುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

"ಮುಂಬೈದಿಂದ ಎಷ್ಟ ತಾಸ್ರಿ ಬಾಯಾರ?"

"ಫ್ರಾಂಕ್‌ಫರ್ಟಿಗೆ ಒಂಬತ್ತು. ಅಲ್ಲಿ ಇಳಿದು ಇನ್ನೊಂದು ವಿಮಾನ."

"ಒಂಬತ್ತ ತಾಸ ಕುಂದ್ರೂದ? ನನ್ನ ಮದವ್ಯಾಗೂ ನಾ ಅಷ್ಟೊತ್ತು ಕುಂತಿಲ್ಲ. ನಡಬರಕ ಎಲ್ಲೂ ನಿಂದ್ರಸೂದಿಲ್ಲೇನ್ರಿ?"

"ನಿಲ್ಲಿಸೋದಿಲ್ಲ."

"ನಿಂದ್ರಸಂದ್ರೂ?"

ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಹಾಗಾಗಿ ಹ್ಯಾಂಬರ್ಗಿನ ರೈಲುಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಟ್ಟೆ: ಹೆಲ್ಗಾಳ ಮನೆಯಿಂದ ಹೊರಟು ಎಡಕ್ಕೆ ತಿರುಗು, ಮೆಟ್ಟಿಲಿಳಿ, ಹಳದಿ ಗೆರೆಯ ರೈಲು ಹತ್ತು, ಒಂಬತ್ತನೆಯ ನಿಲ್ದಾಣದಲ್ಲಿ ಇಳಿ. ಯಾರನ್ನೂ ಕೇಳಬೇಡ, ಎಣಿಸು. ಅವಳು ಎಣಿಸುವಳು, ಆರಕ್ಕೇ ಎದ್ದು ನಿಲ್ಲುವಳು. ಅಭ್ಯಾಸಕ್ಕೆಂದು ವಾಸ್ಕೋದಿಂದ ಪಣಜಿಗೆ, ಅಲ್ಲಿಂದ ಬಸ್ಸು ಬದಲಿಸಿ ಅವಳು ಎಂದೂ ನೋಡದ ಸಾಂಖಳಿಗೆ, ಚೀಟಿಯ ಮೇಲಿನ ಬಾಣದ ಗುರುತು ನೋಡಿಕೊಂಡೇ ಹೋಗಿಬರಲು ಕಳಿಸಿದೆ. ಸಂಜೆ ಬಂದು, "ಒಂದ ನರಪಿಳ್ಳೀನೂ ಕೇಳಲಿಲ್ರಿ," ಎಂದಳು. ಮರುದಿನ ಪಣಜಿ ಬಸ್ಸಿನ ಕಂಡಕ್ಟರ್ ಮೈಬೂಬಸಾಬ ಸಿಕ್ಕ.

"ಬಾಯಾರ, ಆ ನಿಮ್ಮ ದೇವಿಬಾಯಿ ಸ್ಟಾಪಿಗೊಮ್ಮೆ ಕೇಳಿದ್ಳರಿ. ಡ್ರೈವರ್ ತಲಿ ತಿಂದ್ಳು. ಕಡೀಕ ನನ್ನ ಹೇಣ್ತಿಗೆ ಒಂದು ಪರ್ಸೂ ಗಂಟ ಹಾಕಿ ಹೋದ್ಳು."

ಪಾಸ್‌ಪೋರ್ಟು ಬಂತು. ಜುಲೈಯಲ್ಲಿ ಮುಂಬಯಿಯ ಜರ್ಮನ್ ವೀಸಾ ಕಚೇರಿಯಿಂದ ಕರೆ ಬಂತು. ಅವಳನ್ನು ಕರೆದುಕೊಂಡು ಹೋದೆ. ಗೇಟು, ಪೆಟ್ಟಿಗೆ, ಶೌಚಾಲಯದ ನಲ್ಲಿ, ತಾನೇ ಚಲಿಸುವ ಮೆಟ್ಟಿಲು, ಎಲ್ಲವನ್ನೂ ಕಲಿಸಿದ್ದೆ; ಕಿಟಕಿಯಾಚೆಯವರೊಡನೆ ಮಾತಾಡುವುದನ್ನು ಕಲಿಸಿರಲಿಲ್ಲ. ದಿನಕ್ಕೆ ನೂರು ವಿದೇಶಿಯರೊಡನೆ ಮಾತಾಡುವವಳಿಗೆ ಅದನ್ನೇಕೆ ಕಲಿಸಬೇಕು ಎಂದುಕೊಂಡಿದ್ದೆ. ಅರ್ಜಿದಾರರನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಅರ್ಧ ಗಂಟೆಯಲ್ಲಿ ಹೊರಬಂದಳು. ಮುಖದಲ್ಲಿ ಗೊಂದಲ.

"ಏನು ಕೇಳಿದರು?"

"ಎಷ್ಟ ದಿನ ಇರ್ತಿ ಅಂತ ಹಿಂದೀ ಒಳಗ ಕೇಳಿದ್ರು. ಆರ ತಿಂಗಳ ಅಂದೆ."

"ಆರು ತಿಂಗಳು! ಹನ್ನೆರಡು ದಿನ ಅಲ್ಲವೇನೇ?"

"ಮೊದಲನೇ ಮಾತ ಜಾಸ್ತೀನ ಹೇಳಬೇಕಲ್ರಿ. ಆರ ತಿಂಗಳ ಅಂದ್ರ ಅವ ಒಂದ ವಾರ ಅಂತಾನ, ನಾವು ಮೂರ ತಿಂಗಳಕ್ಕ ಬರ್ತೇವಿ, ಜಗ್ಗ್ಯಾಡಿ ಜಗ್ಗ್ಯಾಡಿ ಹನ್ನೆರಡ ದಿನಕ್ಕ ಮುಗಸ್ತೇವಿ. ಆದ್ರ ಬಾಯಾರ, ಅವ ಜಗ್ಗಲೇ ಇಲ್ರಿ. ಹಂಗ ಬರಕೊಂಡಬಿಟ್ಟ! ಎಂಥಾ ಮಂದಿ ಇವ್ರು?"

ಅರ್ಜಿ ತಿರಸ್ಕೃತವಾಯಿತು.

ಹೆಲ್ಗಾಗೆ ವಿಷಯ ವಿವರಿಸಿ ಬರೆದೆ. ಹನ್ನೊಂದು ಗೋಡೆಬಟ್ಟೆಗಳ ಫೋಟೋ ಸಹಿತ ಅವಳು ಕಚೇರಿಗೆ ಎರಡನೆಯ ಪತ್ರ ಕಳಿಸಿದಳು: ಇವನ್ನು ಹೊಲಿದವಳು ಬಾರದೆ ಪ್ರದರ್ಶನಕ್ಕೆ ಅರ್ಥವಿಲ್ಲ, ಹನ್ನೆರಡೇ ದಿನ, ಜವಾಬ್ದಾರಿ ತನ್ನದು. ಆಗಸ್ಟ್ ಕೊನೆಗೆ ಮತ್ತೊಂದು ಅವಕಾಶ ಸಿಕ್ಕಿತು. ಅದೇ ಕೊನೆಯದು.

ಅದಕ್ಕೆ ಮುಂಚಿನ ಮೂರು ವಾರ ದೇವಿಬಾಯಿ ಚಾಳಿನ ಮುಂದೆ ಶತಪಥ ಹಾಕುತ್ತಿದ್ದಳು. ಜನ ಆಗಲೇ ಅವಳನ್ನು 'ಜರ್ಮನ್‌ಬಾಯಿ' ಎನ್ನಲು ಶುರುಮಾಡಿದ್ದರು. ನೆರೆಮನೆಯ ಕಂಠೆಪ್ಪ ಸಿಕ್ಕಾಗಲೆಲ್ಲ, "ಹ್ವಾದ್ಯೋ, ಬಂದ್ಯೋ?" ಎನ್ನುತ್ತಿದ್ದ. ಉಣ್ಣಲು ಕೂತವಳು ಎರಡು ತುತ್ತಿಗೆ ಏಳುತ್ತಾಳೆಂದು ದೇವಲಪ್ಪ ಬಂದು ನನ್ನ ಬಳಿ ದೂರು ಹೇಳಿದ. ನಾನು ಒಮ್ಮೆ ಅವರ ಕೋಣೆಗೆ ಹೋದಾಗ ಲಾಲಿಬಾಯಿ ಸೂಜಿ ನಿಲ್ಲಿಸಿ ಕೇಳಿದಳು.

"ಅಲ್ಲಿ ಮಂದಿ ಬಟ್ಟಿ ಮುಟ್ಟಿ ನೋಡತಾರೇನ್ರಿ ಬಾಯಾರ?"

"ಇಲ್ಲ. ಗಾಜಿನ ಒಳಗೆ ತೂಗುಹಾಕುತ್ತಾರೆ."

"ಹಂಗಾರ ಹಿಂದಿನ ಬಾಜೂ ಯಾರಿಗೂ ಕಾಣೂದಿಲ್ಲ," ಎಂದು ಅವಳು ಬಟ್ಟೆಯನ್ನು ತಿರುವಿ ಹಾಕಿಕೊಂಡಳು. ಹಿಂದೆ ಒಂದು ಗಂಟೂ ಇರಲಿಲ್ಲ. ಯಾವುದು ಮುಂದು, ಯಾವುದು ಹಿಂದು ಎಂದು ಹೇಳುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೇವಿಬಾಯಿ ಹೊರಗೆ ಹೋಗಿಬಿಟ್ಟಳು.

ಎರಡನೆಯ ಸಲ ದುಭಾಷಿಯೆಂದು ನನ್ನನ್ನೂ ಒಳಗೆ ಬಿಟ್ಟರು. ಮೇಜಿನಾಚೆ ಒಬ್ಬ ಅಧಿಕಾರಿಣಿ, ನಡುವಯಸ್ಸಿನವಳು, ಸಭ್ಯಳು. ಎಷ್ಟು ದಿನ? ಹನ್ನೆರಡು. ಹಿಂತಿರುಗುತ್ತೀರಾ? "ಅಕ್ಟೋಬರಿಗೆ ಸೀಜನ್ ಐತ್ರಿ, ಬರದ ಏನ ಮಾಡಲಿ?" ಗಂಡ? "ಅದಾನ್ರಿ," ಎಂದಳು, ತಡಮಾಡದೆ. ಅಧಿಕಾರಿಣಿ ನಕ್ಕಳು. ಮುದ್ರೆಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಇವೆಲ್ಲ ಇವರೇ ಹೊಲಿದದ್ದಲ್ಲವೇ ಎಂದು ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ದೇವಿಬಾಯಿ ಫೋಟೋಗಳನ್ನೇ ನೋಡುತ್ತ ಕೂತಳು. ಮೂರು ವರ್ಷಗಳಲ್ಲಿ ಅವಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

"ಹೌದು ಅನ್ನು," ಎಂದೆ, ತಗ್ಗಿದ ದನಿಯಲ್ಲಿ. "ಬರೀ ಕೇಳಬೇಕೆಂದು ಕೇಳುತ್ತಾರೆ. ಹೌದು ಅಂದರೆ ಮುಗಿಯಿತು."

ಅವಳು ಮುಂದಕ್ಕೆ ಬಾಗಿ ಫೋಟೋಗಳನ್ನು ಒಂದೊಂದಾಗಿ ಎತ್ತಿದಳು. ಮೂರನ್ನು ತನ್ನ ಕಡೆ ಇಟ್ಟುಕೊಂಡಳು. ಎಂಟನ್ನು ಅಂಚು ಸಮ ಮಾಡಿ ಜೋಡಿಸಿ ಅಧಿಕಾರಿಣಿಯ ಕಡೆ ತಳ್ಳಿದಳು.

"ಇವು ನನ್ನವು. ಅವು ಲಾಲಿಬಾಯೀವು. ಹೇಳ್ರಿ ಬಾಯಾರ. ಹೆಸರ ಹಚ್ಚಿ ಹೇಳ್ರಿ."

ನಾನು ಜರ್ಮನ್ ಭಾಷೆಯಲ್ಲಿ ವಾಕ್ಯ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ತನ್ನ ಮೂರರಲ್ಲಿ ಒಂದನ್ನು ಮತ್ತೆ ಎತ್ತಿ, ಕಣ್ಣ ಹತ್ತಿರ ಹಿಡಿದು ನೋಡಿ, ಅದನ್ನೂ ಆಚೆಯ ಎಂಟರ ಮೇಲೆ ಇಟ್ಟಳು.