ಕೆಳಖಾನೆಯ ಅಚ್ಚು

ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಮೂವತ್ತೆಂಟು ವರ್ಷ ಪ್ಲಾಸ್ಟರ್ ಕಲಸಿದ ಅವನನ್ನು ಎಲ್ಲರೂ ಅಚ್ಚಣ್ಣನೆಂದೇ ಕರೆಯುತ್ತಿದ್ದರು. ಅವನ ಕಪಾಟಿಗೊಂದು ಶಿಸ್ತಿತ್ತು: ದೊಡ್ಡವರ ಅಚ್ಚುಗಳು ಮೇಲಿನ ಖಾನೆಯಲ್ಲಿ, ಮಕ್ಕಳವು ಕೆಳಗೆ. ನಿವೃತ್ತಿಗೆ ಮುನ್ನ ಅವನಿಗೆ ಒಪ್ಪಿಸಿದ್ದ ಕೊನೆಯ ಕೆಲಸವೆಂದರೆ, ದ್ವೀಪವೊಂದರಲ್ಲಿ ಬಾಳಿ ಅಳಿದುಹೋದ ಪುಟ್ಟ ಮಾನವಜಾತಿಯ ಹೆಂಗಸಿನ ಪ್ರತಿಮೆ. ಚೀಟಿಯಲ್ಲಿ ಎತ್ತರ ಮೂರೂವರೆ ಅಡಿ ಎಂದಿತ್ತು. ಕೈ ತಾನಾಗಿ ಕೆಳಖಾನೆಗೆ ಹೋಯಿತು.

ಮುಗಿದ ಪ್ರತಿಮೆಯನ್ನು ಕಂಡು ಮೇಲ್ವಿಚಾರಕಿ ಹುಬ್ಬು ಗಂಟಿಕ್ಕಿದರು.

"ಅಚ್ಚಣ್ಣ, ಇದ್ಯಾರ ಮಗು?"

"ಮಗು ಅಲ್ಲ ಮೇಡಂ, ನೀವು ಹೇಳಿದ ಹೆಂಗಸೇ."

"ಕೆನ್ನೆ ಚಿವುಟೋ ಹಾಗಿದೆಯಲ್ರೀ! ಅವಳಿಗೆ ಮೂವತ್ತು ವರ್ಷ. ಬುದ್ಧಿಹಲ್ಲು ಬಂದಿತ್ತು. ದ್ವೀಪದಲ್ಲಿ ತಿನ್ನೋಕೆ ಸಿಗ್ತಿದ್ದದ್ದೇ ಕಮ್ಮಿ, ಸಣ್ಣ ಮೈಗೆ ಅಷ್ಟೇ ಸಾಕು. ಅಂಥವರೇ ಹೆಚ್ಚಾಗಿ ಉಳಿದು, ಅವರ ಮಕ್ಕಳೂ ಹಾಗೇ ಆಗಿ, ತಲೆಮಾರಿಂದ ತಲೆಮಾರಿಗೆ ಮೈ ಚಿಕ್ಕದಾಗ್ತಾ ಬಂತು ಅಂತ ತಿಳಿದವರ ಊಹೆ. ಬೆಳೆಯದೆ ನಿಂತವಳಲ್ಲ, ಪೂರ್ತಿ ಬೆಳೆದೇ ಅಷ್ಟಿದ್ದವಳು. ಸೋಮವಾರಕ್ಕೆ ಸರಿಹೋಗದಿದ್ರೆ ಗಾಜಿನ ಪೆಟ್ಟಿಗೇಲಿ ಬರೀ ಚಿತ್ರ ಅಂಟಿಸ್ತೀನಿ."

ಅಚ್ಚಣ್ಣನ ಕೊನೆಯ ಕೆಲಸದ ಜಾಗದಲ್ಲಿ ಒಂದು ಹಾಳೆ ಕಾಗದ!

ಮಧ್ಯಾಹ್ನ ಬುತ್ತಿ ಹಿಡಿದು ಅಕ್ಕ ಬಂದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅವಳ ಎತ್ತರ ನಾಲ್ಕು ಅಡಿ. "ಶಾಲೆ ಬಿಡ್ತಾ ಪುಟ್ಟೀ?" ಎಂದು ಬಾಗಿಲಿನ ಕಾವಲುಗಾರ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ, "ನಿನಗೆ ಬುದ್ಧಿ ಬಂದ ದಿನ ಬಿಡುತ್ತೆ" ಎಂದು ಅವಳೂ ಇಪ್ಪತ್ತು ವರ್ಷದಿಂದ ಉತ್ತರಿಸುತ್ತಿದ್ದಳು.

ಪ್ರತಿಮೆಯನ್ನು ಸುತ್ತಿ ನೋಡಿ ಅವಳು ಮೂಗು ಮುರಿದಳು. "ಸಂಸಾರ ಕಂಡ ಹೆಂಗಸು ಹೀಗೆ ನಿಲ್ತಾಳೇನೋ? ಜನ್ಮದಲ್ಲಿ ಒಂದು ಕೊಡ ಎತ್ತಿದ ಹಾಗಿಲ್ಲ."

ಹಾಗೆನ್ನುತ್ತ ಅವಳು ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಅಚ್ಚಣ್ಣ ಕಣ್ಣರಳಿಸಿದ.

"ಅಕ್ಕಾ, ಅಲ್ಲಾಡಬೇಡ!"

"ಊಟ ಆರುತ್ತೆ ಕಣೋ."

"ಆರಲಿ."

ಮೂರು ದಿನ ಅವನು ಕಪಾಟನ್ನು ಮುಟ್ಟಲಿಲ್ಲ. ಅಕ್ಕನ ನಿಲುವು, ಅವಳ ಗಂಟುಬಿದ್ದ ಬೆರಳು, ಕಣ್ಣಂಚಿನ ಗೆರೆಗಳನ್ನು ಬರಿಗೈಯಿಂದಲೇ ಜೇಡಿಮಣ್ಣಿನಲ್ಲಿ ತಿದ್ದಿದ. ಮುಂಚಾಚಿದ ಹುಬ್ಬೆಲುಬು, ಗದ್ದವಿಲ್ಲದ ದವಡೆಗಳಿಗೆ ಮಾತ್ರ ಮೇಡಂ ಕೊಟ್ಟ ಅಳತೆ. ಎಲ್ಲರನ್ನೂ ತಲೆಯೆತ್ತಿಯೇ ನೋಡುವ ಅಕ್ಕನಂತೆ ಪ್ರತಿಮೆಯ ಕತ್ತನ್ನೂ ಮೇಲೆತ್ತಿದಾಗ ಅವಳು ಗದರಿದಳು.

"ಅದು ನನ್ನ ಹಣೆಬರಹ ಕಣೋ, ಅವಳಿಗ್ಯಾಕೆ? ಅವಳ ಜನವೆಲ್ಲ ಅವಳಷ್ಟೇ ಎತ್ತರ. ನೇರವಾಗಿ ನೋಡ್ಲಿ ಬಿಡು."

ಅಚ್ಚಣ್ಣ ಪ್ರತಿಮೆಯ ಕತ್ತನ್ನು ಇಳಿಸಿದ.

ಸೋಮವಾರ ಮೇಲ್ವಿಚಾರಕಿ ಬಹಳ ಹೊತ್ತು ನೋಡಿ, "ಇವಳ ಕೆನ್ನೆ ಮುಟ್ಟೋ ಧೈರ್ಯ ಯಾರಿಗೂ ಬರಲ್ಲ" ಎಂದರು. ಪ್ರತಿಮೆಯ ಕೆಳಗೆ ಅಚ್ಚಣ್ಣ ಯಾರನ್ನೂ ಕೇಳದೆ ಅರ್ಧ ಅಡಿಯ ಪೀಠವಿಟ್ಟಿದ್ದ. ಅಕ್ಕ ಗಾಜಿನ ಮುಂದೆ ನಿಂತಳು; ಕಣ್ಣಿಗೆ ಕಣ್ಣು ಸಮವಾಯಿತು.

"ಇವಳ ಜೊತೆ ಎಷ್ಟು ಹೊತ್ತು ಹರಟಿದ್ರೂ ಕತ್ತು ನೋಯಲ್ಲ" ಎಂದು ಅವಳು ಬುತ್ತಿಯನ್ನು ತಮ್ಮನ ಕೈಗಿಟ್ಟಳು.