ಮರುಳಸಿದ್ದಮ್ಮ ಟೀಚರ್ ಹೇಳಿದ ಒಂದೇ ಸುಳ್ಳು

ನಮ್ಮ ಮರುಳಸಿದ್ದಮ್ಮ ಟೀಚರ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಸದುರ್ಗದ ಹತ್ತಿರದ ನಮ್ಮ ಶಾಲೆಯಲ್ಲಿ ಅವರು ಡ್ರಿಲ್ ಟೀಚರ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿ ಬಾಯಲ್ಲಿ ಕಚ್ಚಿಕೊಂಡು ಅವರು ಮೈದಾನಕ್ಕಿಳಿದರೆ ಊರಿನ ದೊಡ್ಡವರು ಮುಖ ಸಿಂಡರಿಸುತ್ತಿದ್ದರು. ಸಿಂಡರಿಸಲಿ, ಅವರಿಗೇನು ಕೆಲಸ! ನಮ್ಮೂರ ಹೆಣ್ಣುಮಕ್ಕಳ ಕೈಲಿ ಖೊಖೊ ಆಡಿಸಿದ್ದು ಅವರೇ ಮೊದಲು.

ತಂಡದಲ್ಲಿ ಜಯಕ್ಕನೇ ಎಲ್ಲರಿಗಿಂತ ಚುರುಕು. ಅಪ್ಪ ಕಾಟಲಿಂಗಪ್ಪನ ಕುರಿಗಳ ಹಿಂದೆ ಓಡಿ ಬೆಳೆದವಳು. ಕಂಬ ಸುತ್ತಿ ತಪ್ಪಿಸಿಕೊಂಡಳೆಂದರೆ ನಮಗ್ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಶೇಂಗಾ ಅವಳಿಗೆ ವಿಷ. ನಮ್ಮ ಸೀಮೆಯಲ್ಲಿ ಶೇಂಗಾ ಬೀಳದ ಅಡುಗೆ ಯಾವುದಿದೆ ಹೇಳಿ? ೧೯೭೫ರಲ್ಲಿ ಒಂದು ಪಂದ್ಯಕ್ಕೆ ಹೋದಾಗ, ಟೀಚರ್ ಅಡುಗೆಯವರಿಗೆ ಮೊದಲೇ ಹೇಳಿದ್ದರೂ, "ಚೂರು ತಿಂದ್ರೆ ಏನಾಗ್ತೈತೆ?" ಎಂದು ಯಾರೋ ಶೇಂಗಾ ಚಟ್ನಿ ಬಡಿಸಿದರು. ಜಯಕ್ಕನ ತುಟಿ ಊದಿತು, ಉಸಿರು ಕಟ್ಟಿತು. ಟೀಚರ್ ಅವಳನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದರು. ಸೂಜಿ ಚುಚ್ಚಿದ ಡಾಕ್ಟರು, "ಇದಕ್ಕೆ ಅಲರ್ಜಿ ಅಂತಾರೆ. ಇನ್ನೊಂದು ಸಲ ಆದರೆ ಉಳಿಯೋದು ಕಷ್ಟ" ಎಂದರು.

ನಮ್ಮ ಹೆಡ್‌ಮಾಸ್ಟರು ಜಂಬಣ್ಣನವರಿಗೆ ಹೆದರಿಕೆ ಹತ್ತಿತು. "ಆ ಹುಡುಗೀನ ತಂಡದಿಂದ ಬಿಟ್ಟುಬಿಡ್ರಿ" ಎಂದರು.

"ಬಿಡಿಸಬೇಕಾದ್ದು ಶೇಂಗಾ ಸಾರ್, ಆಟ ಅಲ್ಲ. ಅವಳ ಹೊಣೆ ನಂದು" ಎಂದು ಟೀಚರ್ ಎದ್ದು ಬಂದರು.

ಮರುವರ್ಷದ ಪಂದ್ಯ ರಾಮಗಿರಿಯಲ್ಲಿ. ರೈಲು ಇಳಿದವರೇ ಟೀಚರ್ ಜಯಕ್ಕನ ಕೈ ಹಿಡಿದು ಸೀದಾ ಅಡುಗೆಮನೆಗೆ ನಡೆದರು, ಹಿಂದೆ ನಾವು. ಅಲ್ಲಿ ದುರುಗಕ್ಕನದೇ ಯಜಮಾನಿಕೆ. ಊರಿನ ಹೆಂಗಸರನ್ನು ಕೂಡಿಸಿಕೊಂಡು, ಬಂದ ಮಕ್ಕಳಿಗೆಲ್ಲ ಪ್ರೀತಿಯಿಂದ ಬೇಯಿಸಿ ಹಾಕುತ್ತಿದ್ದ ಹಿರಿಯಳು. ಅಲರ್ಜಿ ಎಂದರೆ ಇವಳೂ 'ಚೂರು' ಎಂದಾಳು ಎಂದು ಟೀಚರಿಗೆ ಭಯ.

"ಈ ಹುಡುಗಿ ಮನೆದೇವ್ರಿಗೆ ಶೇಂಗಾ ಬಿಟ್ಟೈತಮ್ಮ. ಅದರ ಎಣ್ಣೆನೂ ಮುಟ್ಟಂಗಿಲ್ಲ" ಎಂದುಬಿಟ್ಟರು.

"ಹರಕೆನಾ? ಎಲ್ಲೀಗಂಟ?"

"ಕಪ್ ಗೆಲ್ಲೋಗಂಟ." ಬಾಯಿಗೆ ಬಂದದ್ದನ್ನು ಹೇಳಿದ್ದು, ಅಷ್ಟೇ.

ಹರಕೆ ಎಂದ ಮೇಲೆ ಕೇಳಬೇಕೆ! ದುರುಗಕ್ಕ ಬೇರೆ ಒಲೆ ಹೂಡಿ, ಹೊಸ ಗಡಿಗೆಯಲ್ಲಿ ಜಯಕ್ಕನಿಗೆಂದೇ ಅನ್ನ ಮಾಡಿ, ಹಾಲು ತುಪ್ಪ ಹಾಕಿ ತಾನೇ ಕೂತು ಉಣ್ಣಿಸಿದಳು. ಜಯಕ್ಕ ಆಡಿದಳು, ಎಂಥ ಆಟ! ನಾವು ಗೆದ್ದೆವು.

ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದು ಇಳಿಸುವಷ್ಟರಲ್ಲಿ ದುರುಗಕ್ಕ ಜನರನ್ನು ಸರಿಸಿಕೊಂಡು ಬಂದಳು. ಹರಕೆ ತೀರಿದ ಮೇಲೆ, ಬಿಟ್ಟ ತಿನಿಸನ್ನು ಹಿರಿಯರೇ ಬಾಯಿಗಿಟ್ಟು ಮತ್ತೆ ಹಿಡಿಸುವುದು ಆ ಊರಿನವರ ಪದ್ಧತಿ. ಅವಳ ಕೈಯಲ್ಲಿ ಶೇಂಗಾ ಉಂಡೆ ಇತ್ತು. "ಹರಕೆ ತೀರ್ತು ಮಗಳೇ" ಎನ್ನುತ್ತ, ಏದುಸಿರು ಬಿಡುತ್ತಿದ್ದ ಜಯಕ್ಕನ ತೆರೆದ ಬಾಯಿಗೆ ತಂದೇಬಿಟ್ಟಳು.

ಟೀಚರ್ ಹಾರಿ ಬಂದು ಆ ಕೈ ಹಿಡಿದರು. ಉಂಡೆ ನೆಲಕ್ಕೆ ಬಿತ್ತು. "ಎಂಥ ಟೀಚರಮ್ಮ ಇವಳು, ದೇವ್ರ ಕೆಲಸಕ್ಕೆ ಅಡ್ಡ ಬರ್ತಾಳೆ!" ಎಂದು ಜನ ರೇಗಿದರು. ಇನ್ನೊಂದು ಸುಳ್ಳು ಹೇಳಿ ಅವರು ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ.

"ಹರಕೆ ಇಲ್ಲ, ಏನೂ ಇಲ್ಲ. ನಾನು ಸುಳ್ಳು ಹೇಳಿದೆ. ಇದು ಹೊಟ್ಟೆಗೆ ಹೋದ್ರೆ ಈ ಮಗು ಸಾಯ್ತೈತೆ" ಎಂದು ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದರು.

ದುರುಗಕ್ಕ ತನ್ನ ಕೈ ನೋಡಿಕೊಂಡು ಕುಸಿದು ಕೂತಳು. "ನನ್ನ ಕೈಯಾರೆ ಕೊಲ್ಲಿಸ್ತಿದ್ರಲ್ಲ ಟೀಚರಮ್ಮ! ಸಾಯ್ತೈತೆ ಅಂತ ಮೊದ್ಲೇ ಅಂದಿದ್ರೆ ಒಂದು ಕಾಳಾದ್ರೂ ಒಳಗೆ ಬಿಡ್ತಿದ್ನಾ?"

ಟೀಚರ್ ಎಲ್ಲರೆದುರು ಬಗ್ಗಿ ಅವಳ ಕಾಲು ಮುಟ್ಟಿದರು. ತಲೆ ತಗ್ಗಿಸಿದ ಆ ಟೀಚರನ್ನು ನೋಡಿ ನನಗೆ ಬಂದ ಹೆಮ್ಮೆ ಕಪ್ ನೋಡಿದಾಗಲೂ ಬಂದಿರಲಿಲ್ಲ. ಆಮೇಲೆ ಚಿತ್ರದುರ್ಗವಿರಲಿ, ಹಿರಿಯೂರಿರಲಿ, ಹೋದ ಕಡೆಯಲ್ಲೆಲ್ಲ ಅಡುಗೆಮನೆಯ ನಡುವೆ ನಿಂತು ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದ್ದರು. ಹೇಳಿದ ಮೇಲೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ನಾವು ಆಡುತ್ತಿದ್ದರೆ ಅವರ ಕಣ್ಣು ಒಲೆಯ ಕಡೆಗೇ ಇರುತ್ತಿತ್ತು.

ಕಪ್ ಗೆದ್ದ ಮುಂದಿನ ವರ್ಷ ಹೊಳಲ್ಕೆರೆಯಲ್ಲಿ ಪಂದ್ಯ. ಅಡುಗೆಮನೆಯ ಬಾಗಿಲಲ್ಲಿ ದುರುಗಕ್ಕ ಕೂತಿದ್ದಳು, ಯಾರೂ ಕರೆಯದಿದ್ದರೂ ರಾಮಗಿರಿಯಿಂದ ಬಂದು.

"ನೀವು ಹೋಗಿ ಆಟ ನೋಡ್ರಿ ಟೀಚರಮ್ಮ. ಇಲ್ಲಿ ನಾನಿದೀನಿ."

ರಾಮಗಿರಿಯ ಪಂದ್ಯದ ಮೇಲೆ ಅವತ್ತೇ ಮೊದಲ ಸಲ ಟೀಚರ್ ಜಯಕ್ಕನ ಆಟವನ್ನು ಪೂರ್ತಿ ನೋಡಿದರು.