ಗ್ಲೆನಿಸ್‌ಗೆ ಕೊಡದ ತಿಂಗಳು

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಮೀನು ಕಾರ್ಖಾನೆ ಮುಚ್ಚಿದಾಗ ಗ್ಲೆನಿಸ್ ಟಾಸ್ಕರ್ ಮತ್ತು ಪಕ್ಕದ ಮನೆಯ ನೊರೀನ್ ಪಾಸ್ಕ್ ಒಟ್ಟಿಗೇ ಕೆಲಸ ಕಳೆದುಕೊಂಡರು. ಇಬ್ಬರೂ ನಿರುದ್ಯೋಗ ಭತ್ಯೆಗೆ ಒಂದು ತಿಂಗಳು ತಡವಾಗಿ ಅರ್ಜಿ ಹಾಕಿದರು. ತಡಕ್ಕೆ ಕಾಯಿಲೆಯಂಥ ಕಾರಣವಿದ್ದರೆ ಆ ಹಿಂದಿನ ತಿಂಗಳ ಭತ್ಯೆಯನ್ನೂ ಸೇರಿಸಿ ಕೊಡುವುದುಂಟು. ನೊರೀನ್‌ಗೆ ಕೊಟ್ಟರು. ಗ್ಲೆನಿಸ್‌ಗೆ ಇಲ್ಲವೆಂದರು.

ಗ್ಲೆನಿಸ್‌ಳ ಹೊಟ್ಟೆ ಉರಿಯಿತು. ಎದೆಯಲ್ಲಿ ಕಫ ಕಟ್ಟಿ, ಜ್ವರದಲ್ಲಿ ಬಿದ್ದಿದ್ದವಳು ತಾನು. ನೊರೀನ್‌ಗೆ ಆದದ್ದು ಬರೀ ಮನಸ್ಸಿನ ಬೇಜಾರು. ಈಗ ಅವಳ ಕಿಟಕಿಗೆ ಹೊಸ ಪರದೆ. ತನಗೆ ಆ ತಿಂಗಳು ಸಿಗದಿದ್ದರೆ ಬಾಡಿಗೆ ಮನೆಯೇ ಉಳಿಯುವಂತಿಲ್ಲ.

ತಪ್ಪು ಗ್ಲೆನಿಸ್‌ಳದೇ. ಆ ಊರಿನವರು ಪ್ರಾಣ ಹೋಗುತ್ತಿದ್ದರೂ, ಹೇಗಿದ್ದೀರಿ ಎಂದರೆ ಪರವಾಗಿಲ್ಲ ಎನ್ನುವ ಜನ. ಆ ತಿಂಗಳು ಹೇಗಿತ್ತೆಂದು ಭತ್ಯೆ ಕಚೇರಿಯವರು ಫೋನಿನಲ್ಲಿ ಕೇಳಿದಾಗಲೂ ಗ್ಲೆನಿಸ್ ಹಾಗೆಯೇ ಅಂದಿದ್ದಳು. ತೊಂದರೆ ಕೊಡಬಾರದೆಂದು ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಮರುಪರಿಶೀಲನೆಯಲ್ಲೂ ಸೋತ ಮೇಲೆ ಉಳಿದದ್ದು ನ್ಯಾಯಮಂಡಳಿ. ಸಾಕ್ಷಿ ಬೇಕೆಂದರು. ಅವಳನ್ನು ಆಗ ಕಂಡವಳು ದಿನವೂ ಸೂಪು ತಂದುಕೊಡುತ್ತಿದ್ದ ನೊರೀನ್ ಒಬ್ಬಳೇ.

ಹಲವು ದಿನ ಹಲ್ಲು ಕಚ್ಚಿಕೊಂಡಿದ್ದು, ಕಡೆಗೆ ಗ್ಲೆನಿಸ್ ಹೋಗಿ ಅವಳ ಬಾಗಿಲು ತಟ್ಟಿ, ನಡೆದದ್ದನ್ನೆಲ್ಲ ಹೇಳಿದಳು.

“ಪರವಾಗಿಲ್ಲ ಅಂದ್ಯಾ? ನಾನು ಫೋನಲ್ಲೇ ಅತ್ತುಬಿಟ್ಟೆ ಕಣೇ. ಮೂಗು ಒರೆಸ್ಕೊಂಡು ಇನ್ನೊಂದ್ಸಲ ಅತ್ತೆ,” ಎಂದಳು ನೊರೀನ್. “ನಿನಗೆ ಮರ್ಯಾದೆ ದೊಡ್ಡದು.”

“ನಿನಗೆ ಅದಿದ್ರೆ ತಾನೆ.”

“ಇಲ್ಲ ಬಿಡು. ಟೀ ಕುಡೀತೀಯಾ?”

ಮಂಡಳಿಯ ಮುಂದೆ ನೊರೀನ್ ಸೊಗಸಾಗಿ ಮಾತಾಡಿದಳು. ಜ್ವರ, ಕೆಮ್ಮು, ತಾನು ಸುಟ್ಟುಕೊಂಡ ಬೆರಳು, ತಾನು ಕಳೆದುಕೊಂಡ ನಿದ್ದೆ. ನ್ಯಾಯಾಧೀಶೆ ಅವಳನ್ನೇ ಕನಿಕರದಿಂದ ನೋಡತೊಡಗಿದಳು. ಗ್ಲೆನಿಸ್‌ಗೆ ಸಹಿಸಲಾಗಲಿಲ್ಲ. ಭತ್ಯೆಯಂತೂ ಮೊದಲೇ ಅವಳಿಗೆ ಸಿಕ್ಕಿತ್ತು. ಈಗ ತನ್ನ ಕಾಯಿಲೆಯೂ ಅವಳದೇ ಆಗಬೇಕೇ?

“ಇವಳಿಗೇನು ಗೊತ್ತು?” ಎಂದಳು. “ಇವಳು ಸೂಪಿಟ್ಟು ಮನೆಗೆ ಹೋಗ್ತಿದ್ಲು. ಆಮೇಲೆ ನಾನು ಕಕ್ಕಸಿಗೆ ತೆವಳ್ಕೊಂಡು ಹೋಗ್ತಿದ್ದೆ. ಎರಡು ಸಲ ದಾರೀಲೇ ಆಗೋಯ್ತು. ಅದನ್ನ ಒರೆಸೋಕೂ ಕೈಲಾಗ್ಲಿಲ್ಲ. ಅರ್ಜಿ ಎಲ್ಲಿಂದ ಬರೀಲಿ?”

ಮುಖ ಕೆಂಪಾಗಿತ್ತು. ಇಂಥ ಮಾತನ್ನು ಅವಳು ಹುಟ್ಟಿದ ಮೇಲೆ ಯಾರಿಗೂ ಹೇಳಿರಲಿಲ್ಲ. ನ್ಯಾಯಾಧೀಶೆ ಪೆನ್ನು ಎತ್ತಿಕೊಂಡು ಬರೆಯತೊಡಗಿದಳು.

ಅಂದೇ ಆ ತಿಂಗಳು ಸಿಕ್ಕಿತು. ಬಸ್ಸಿನಲ್ಲಿ ನೊರೀನ್, ತಾನಿಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಮನೆ ಬರುವವರೆಗೂ ಹೇಳುತ್ತಲೇ ಇದ್ದಳು. ಗ್ಲೆನಿಸ್ ಅವಳ ಟಿಕೆಟ್ಟನ್ನೂ ತಾನೇ ಕೊಂಡಿದ್ದಳು. ಆ ಮಾತನ್ನು ಮಾತ್ರ ಒಪ್ಪಲಿಲ್ಲ.